ಬೆಟ್ಟವಿಲ್ಲದ ಬದರೀನಾರಾಯಣ

ಈ ಸಂಗತಿ ಹೇಳಿದಾಗಲೆಲ್ಲ ಕೇಳುವವರಲ್ಲಿ ಒಬ್ಬರಾದರೂ ‘ಆ ರಾತ್ರಿ ಊಟ ಮಾಡಿದ್ದಿರಾ?’ ಎಂದು ಕೇಳುತ್ತಾರೆ. ಮಾಡಿರಲಿಲ್ಲ. ಅಲ್ಲಿಗೆ ಅವರ ತೀರ್ಪು ಮುಗಿಯಿತು. ಹಸಿದ ಹೊಟ್ಟೆ, ಕತ್ತಲೆ ಮನೆ, ಒಬ್ಬನೇ ಬೇರೆ... ಏನೋ ಭ್ರಮೆ ಬಿಡಿ ಎನ್ನುತ್ತಾರೆ. ನನಗೆ ಮೈಯೆಲ್ಲ ಉರಿದುಹೋಗುತ್ತದೆ. ಹಸಿದವನ ಕಣ್ಣಿಗೆ ಹೋಳಿಗೆ ಕಾಣಿಸಬಹುದು ಸ್ವಾಮಿ, ಹಿಮಾಲಯ ಕಾಣಿಸುತ್ತದೆಯೇ?

ಆದ್ದರಿಂದ ಬರೆದೇ ಇಡುತ್ತಿದ್ದೇನೆ. ಉಪ್ಪು ಖಾರ ಹಚ್ಚಿ ಹೇಳುವುದು ನನಗೆ ಬರುವುದಿಲ್ಲ. ನಡೆದದ್ದು ನಡೆದ ಹಾಗಿದೆ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಚಾಮರಾಜಪೇಟೆಯಲ್ಲಿ ನಮ್ಮದು ಹಳೆಯ ಹೆಂಚಿನ ಮನೆ. ಅಪ್ಪ, ನಾನು, ತಂಗಿ ಪದ್ಮ, ದೊಡ್ಡಪ್ಪ, ದೊಡ್ಡಮ್ಮ. ಅಮ್ಮ ನಾವು ಚಿಕ್ಕವರಿದ್ದಾಗಲೇ ತೀರಿಕೊಂಡಿದ್ದಳು. ಮಕ್ಕಳಿಲ್ಲದ ದೊಡ್ಡಮ್ಮನೇ ನಮ್ಮಿಬ್ಬರಿಗೂ ತಲೆ ಬಾಚಿ, ತುತ್ತು ಕೊಟ್ಟು, ಬೆನ್ನಿಗೆ ಗುದ್ದು ಕೊಟ್ಟು ಸಾಕಿದವಳು.

ದೊಡ್ಡಪ್ಪ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದು ನಿವೃತ್ತರಾದವರು. ಜೀವಮಾನವಿಡೀ ಅವರು ಮನಸ್ಸಿಟ್ಟು ಬರೆದದ್ದು ಒಂದೇ ಚಿತ್ರ. ಬದರೀನಾರಾಯಣ. ನಮ್ಮ ನಡುಮನೆಯ ಗೋಡೆಗೆ ಒರಗಿಸಿಟ್ಟ ಪ್ಲೈವುಡ್ ಹಲಗೆಯ ಮೇಲೆ, ಪದ್ಮಾಸನ ಹಾಕಿ ಕೂತ ನಾರಾಯಣ, ಹಿಂದೆ ಹಿಮದ ಬೆಟ್ಟ. ನಾರಾಯಣನ ವಿಷಯದಲ್ಲಿ ಯಾರೂ ಸೊಲ್ಲೆತ್ತುವ ಹಾಗಿರಲಿಲ್ಲ. ಅಷ್ಟು ಶಾಂತವಾದ ಮುಖ. ಎಡವಟ್ಟಾಗಿದ್ದು ಬೆಟ್ಟದ್ದು.

ದೊಡ್ಡಪ್ಪ ಹಿಮಾಲಯ ನೋಡಿದವರಲ್ಲ. ಹನುಮಂತನಗರದ ಗುಡ್ಡ ಹತ್ತಿ ಕೂತು ಬಂಡೆಗಳನ್ನು ನೋಡಿ ಬರೆಯುತ್ತಿದ್ದರು, ಮೇಲೆ ಬಿಳಿ ಬಣ್ಣ ಬಳಿಯುತ್ತಿದ್ದರು. ಯುಗಾದಿಗೆ ಗೋಡೆಗೆ ಸುಣ್ಣ ಹೊಡೆದ ಹಾಗಿದೆ ಎಂದು ಅಪ್ಪ ಆಡಿಕೊಳ್ಳುತ್ತಿದ್ದ. ದೊಡ್ಡಪ್ಪನಿಗೂ ಅದು ಗೊತ್ತಿತ್ತು. ವರ್ಷಕ್ಕೊಂದು ಸಲ ಬೆಟ್ಟವನ್ನು ಕೆರೆದು ತೆಗೆಯುವುದು, ಮತ್ತೆ ಬರೆಯುವುದು, ಮತ್ತೆ ಸಿಡುಕುವುದು. ಮನೆಯೆಲ್ಲ ಟರ್ಪೆಂಟೈನ್ ವಾಸನೆ. ಸಾರಿಗೂ ಅದೇ ವಾಸನೆ ಬರುತ್ತದೆಂದು ದೊಡ್ಡಮ್ಮ ಗೊಣಗುತ್ತಿದ್ದಳು.

ಕೊನೆಗೆ ಒಂದು ಯಾತ್ರೆಯ ಗುಂಪಿನ ಜೊತೆ ಬದರಿಗೆ ಹೊರಟರು. ಹೊರಡುವ ಹಿಂದಿನ ದಿನ ಚಾಕು ಹಿಡಿದು ಕೂತು ಬೆಟ್ಟವನ್ನು ಪೂರ್ತಿ ಕೆರೆದು, ಆ ಜಾಗಕ್ಕೆ ಬರೀ ಬಿಳಿ ಬಣ್ಣ ಕೊಟ್ಟರು. ನಾರಾಯಣ ಒಬ್ಬನೇ ಉಳಿದ. ಹಿಂದೆ ಏನೂ ಇಲ್ಲ. ನೋಡುವುದಕ್ಕೆ ಒಂಥರಾ ಹಿಂಸೆಯಾಗುತ್ತಿತ್ತು.

“ನೋಡದೆ ಬರ್ದಿದ್ದೇ ತಪ್ಪಾಯ್ತು ಕಣೋ ಸೀನಾ,” ಎಂದರು. “ನೋಡ್ಕೊಂಡ್ ಬಂದು ಬರೀತೀನಿ. ಅಲ್ಲೀವರ್ಗೂ ಇದನ್ನ ಯಾರೂ ಮುಟ್ಬೇಡಿ.”

ದೊಡ್ಡಮ್ಮ ತನ್ನ ಹಳೆಯ ನೂಲಿನ ಸೀರೆಯೊಂದನ್ನು ಹಲಗೆಗೆ ಹೊದಿಸಿದಳು. ಬಣ್ಣ, ಕುಂಚ, ಚಾಕು ಎಲ್ಲ ಟ್ರಂಕಿಗೆ ಹೋಯಿತು. ಟ್ರಂಕಿಗೆ ಬೀಗ, ಬೀಗದ ಕೈ ದೊಡ್ಡಪ್ಪನ ಜನಿವಾರದಲ್ಲಿ.

ಅವರು ಹೊರಟ ಮೇಲೆ ಪದ್ಮನ ಮದುವೆ ನಿಶ್ಚಯವಾಯಿತು. ನಮ್ಮ ಮನೆಯ ಕೆಲಸಗಳೆಲ್ಲ ಹೀಗೇ, ಹಿಂದಿನದು ಮುಂದೆ, ಮುಂದಿನದು ಹಿಂದೆ. ಅವಳಿಗೆ ಮೊದಲೊಂದು ಸಂಬಂಧ ನಿಶ್ಚಯವಾಗಿ, ಇನ್ನೇನು ಲಗ್ನಪತ್ರಿಕೆ ಅಚ್ಚಿಗೆ ಹೋಗಬೇಕು ಎನ್ನುವಾಗ ಮುರಿದುಬಿದ್ದಿತ್ತು. ಇನ್ನೊಂದು ಸಲ ಮುರಿದರೆ ಹುಡುಗಿಯ ಗತಿಯೇನು ಎಂದು ಅಪ್ಪ ನಿದ್ದೆ ಬಿಟ್ಟಿದ್ದ. ಗಂಡಿನ ಕಡೆಯವರು ಇದೇ ಮುಹೂರ್ತವಾಗಬೇಕು ಎಂದರು, ನಾವು ಆಗಲಿ ಎಂದೆವು. ದೊಡ್ಡಪ್ಪ ಅಷ್ಟರೊಳಗೆ ಬರಬೇಕಿತ್ತು. ಅವರು, ದೊಡ್ಡಮ್ಮ ಸೇರಿ ಪದ್ಮನನ್ನು ಧಾರೆ ಎರೆದುಕೊಡುವುದು ಎಂದೂ ಮಾತಾಗಿತ್ತು.

ಬರಲಿಲ್ಲ. ಯಾತ್ರೆಗೆ ಹೋದವರಲ್ಲಿ ಯಾರೂ ಬಂದಿರಲಿಲ್ಲ. ಮೊದಲು ಒಂದು ಕಾರ್ಡು ಬಂದಿತ್ತು, ಆಮೇಲೆ ಅದೂ ಇಲ್ಲ. ಮೈಸೂರಿನಿಂದ ಚಿಕ್ಕಪ್ಪ, ಚಿಕ್ಕಮ್ಮ ಬಂದರು, ಧಾರೆ ಅವರೇ ಎರೆಯುವುದು ಎಂದಾಯಿತು. ದೊಡ್ಡಮ್ಮ ತುಟಿ ಬಿಗಿಹಿಡಿದು, ತಲೆಯಾಡಿಸಿ, ಆರತಿ ಮಾತ್ರ ನಾನೇ ಎತ್ತುವುದು ಎಂದಳು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ನಮ್ಮಲ್ಲಿ ದಾಯಾದಿಗಳಲ್ಲಿ ಯಾರಾದರೂ ಸತ್ತರೆ ಹತ್ತು ದಿನ ಸೂತಕ. ಆದರೆ ದೂರದಲ್ಲಿ ಸತ್ತರೆ, ಸುದ್ದಿ ಕಿವಿಗೆ ಬಿದ್ದ ಗಳಿಗೆಯಿಂದ ಸೂತಕ. ಕಿವಿಗೆ ಬೀಳದಿದ್ದರೆ ಏನೂ ಇಲ್ಲ. ಅದಕ್ಕೇ ಮದುವೆ ಮುಂಜಿ ಇರುವ ಮನೆಗೆ ಯಾರೂ ಸಾವಿನ ಸುದ್ದಿ ತರುವುದಿಲ್ಲ. ತಂದವನಿಗೆ ಬೈಗುಳ, ಕೇಳಿದವನಿಗೆ ತಣ್ಣೀರು ಸ್ನಾನ. ಮದುವೆಗೆ ಮೊದಲಿನ ನಾಂದಿ ಶಾಸ್ತ್ರವಾದ ಮೇಲೆ ಸೂತಕ ತಾಕುವುದಿಲ್ಲ ಎಂದು ಪುರೋಹಿತರು ಹೇಳುತ್ತಾರೆ, ನಿಜ. ಅದನ್ನು ಗಂಡಿನ ತಾಯಿಗೆ ಹೇಳಿ ನೋಡಿ. ಆಕೆ ಸೀರೆಯ ಅಂಚು ಒಂದೆಳೆ ಕಡಿಮೆಯಾಯಿತೆಂದು ವರಪೂಜೆಗೆ ಮೊದಲೇ ಮುಖ ಊದಿಸಿಕೊಂಡಿದ್ದವರು.

ಮದುವೆಯ ಹಿಂದಿನ ಸಂಜೆ ಎಲ್ಲರೂ ಬಸವನಗುಡಿಯ ಛತ್ರಕ್ಕೆ ಹೊರಟರು. ಅಪ್ಪ ನನ್ನನ್ನು ಹಿತ್ತಿಲಿಗೆ ಕರೆದ. ಮನೆ ಕಾಯುವುದಕ್ಕೆ ಒಬ್ಬರು ಇರಬೇಕು, ನೀನೇ ಇರು ಎಂದ. ಒಡಹುಟ್ಟಿದ ತಂಗಿಯ ವರಪೂಜೆಗೆ ನಾನಿಲ್ಲವೇ ಎಂದು ಜಗಳ ತೆಗೆದೆ. ಆಗ ಅಪ್ಪ ನಿಜ ಹೇಳಿದ.

“ಟೆಲಿಗ್ರಾಂ ಬಂದ್ರೆ ಇಸ್ಕೋಬೇಡ. ಮನೇಲಿ ಯಾರೂ ಇಲ್ಲ ಅಂತ ಒಳಗಿಂದ್ಲೇ ಕೂಗು. ಯಾರಾದ್ರೂ ಬಂದು ಏನಾದ್ರೂ ಹೇಳಕ್ ಶುರು ಮಾಡಿದ್ರೆ ಕಿವಿ ಮುಚ್ಕೋ. ನಾಳೆ ಮಾಂಗಲ್ಯ ಆಗೋವರ್ಗೂ ನಿನ್ ಕಿವಿಗೆ ಏನೂ ಬೀಳ್ಬಾರ್ದು.”

ಮನೆಯಲ್ಲಿ ಯಾರೂ ಇಲ್ಲ ಎಂದು ಒಳಗಿನಿಂದ ಕೂಗಬೇಕಂತೆ! ನಗುವುದೋ ಅಳುವುದೋ ತಿಳಿಯಲಿಲ್ಲ. ಅಪ್ಪನ ಮುಖ ನೋಡಿ ಒಪ್ಪಿಕೊಂಡೆ. ಅಣ್ಣ ಎಂದರೆ ಅವನಿಗೆ ಪ್ರಾಣ. ಆದರೂ ಅಣ್ಣ ಹೋಗಿಬಿಟ್ಟಿರಬಹುದು ಎಂಬ ಅನುಮಾನ ಅವನಿಗಾಗಲೇ ಬಂದಿತ್ತು.

ಛತ್ರದಿಂದ ಕ್ಯಾರಿಯರಿನಲ್ಲಿ ಊಟ ಕಳಿಸುತ್ತೇನೆ ಎಂದಿದ್ದ. ಕಳಿಸಲಿಲ್ಲ. ಕತ್ತಲಾಯಿತು, ಬೀದಿಯ ಸದ್ದಡಗಿತು, ಯಾರ ಸುಳಿವೂ ಇಲ್ಲ. ಅಲ್ಲಿ ಎಲೆ ಮೇಲೆ ಜಹಾಂಗೀರು ಬೀಳುತ್ತಿರುತ್ತದೆ, ಇಲ್ಲಿ ನಾನು ಅವಲಕ್ಕಿ ಡಬ್ಬಿ ಹುಡುಕುತ್ತಿದ್ದೇನೆ. ಡಬ್ಬಿಯೂ ಖಾಲಿ. ಅಷ್ಟರಲ್ಲಿ ಕರೆಂಟು ಹೋಯಿತು.

ಲಾಟೀನು ಹಚ್ಚಿಕೊಂಡು ಅಡುಗೆಮನೆಯ ಬಾಗಿಲ ಹತ್ತಿರ ಚಾಪೆ ಹಾಸಿದೆ. ಮುಂಬಾಗಿಲಿಗೆ ಒಳಗಿನಿಂದ ಅಗಳಿ, ಹಿತ್ತಿಲ ಬಾಗಿಲಿಗೂ ಅಗಳಿ. ಎರಡನ್ನೂ ನನ್ನ ಕೈಯಾರೆ ಹಾಕಿದ್ದೆ. ಇದನ್ನು ನೆನಪಿಡಿ, ಏಕೆಂದರೆ ಎಲ್ಲರೂ ಮೊದಲು ಕೇಳುವುದು ಊಟ, ಎರಡನೆಯದು ಅಗಳಿ.

ಯಾವಾಗ ಜೊಂಪು ಹತ್ತಿತೋ... ಎಚ್ಚರವಾದದ್ದು ವಾಸನೆಗೆ.

ಟರ್ಪೆಂಟೈನ್.

ಒಂದು ತಿಂಗಳಿಂದ ಆ ಮನೆಯಲ್ಲಿ ಆ ವಾಸನೆಯೇ ಇರಲಿಲ್ಲ. ಈಗ ಮೂಗಿಗೆ ಹಿಡಿದಂತೆ ಬರುತ್ತಿತ್ತು. ಟ್ರಂಕಿನೊಳಗೆ ಸೀಸೆ ಒಡೆದಿರಬೇಕು, ಇಲಿಗಳ ಕೆಲಸ ಎಂದು ಶಪಿಸುತ್ತ ಎದ್ದು ಕೂತೆ. ಕಾಲು ನೆಲಕ್ಕೆ ತಾಗಿದ್ದೇ ಜುಮ್ಮೆಂದಿತು. ನೆಲ ಕೊರೆಯುತ್ತಿತ್ತು. ಅದು ಜ್ಯೇಷ್ಠ ಮಾಸ, ಮಳೆ ಇನ್ನೂ ಹಿಡಿದಿರಲಿಲ್ಲ, ಸಂಜೆಯಷ್ಟೇ ಬೀಸಣಿಗೆ ಬೀಸಿಕೊಂಡಿದ್ದೆ. ಈಗ ಉಸಿರು ಬಿಟ್ಟರೆ ಲಾಟೀನಿನ ಬೆಳಕಿನಲ್ಲಿ ಹೊಗೆಯಂತೆ ಕಾಣುತ್ತಿದೆ...

ಆಮೇಲೆ ಸದ್ದು.

ಕರ್... ಕರ್... ಸ್ವಲ್ಪ ನಿಲ್ಲುವುದು. ಮತ್ತೆ ಕರ್... ಹಲಗೆಯ ಮೇಲೆ ಚಾಕುವಿನಿಂದ ಬಣ್ಣ ಎಳೆಯುವ ಸದ್ದು. ಹುಟ್ಟಿದಾಗಿನಿಂದ ಕೇಳಿದ ಸದ್ದು, ತಪ್ಪುವುದು ಹೇಗೆ? ಮಧ್ಯೆ ಮಧ್ಯೆ ಗಾಜಿನ ಲೋಟದಲ್ಲಿ ಕುಂಚ ಅಲ್ಲಾಡಿಸಿದ ಟಿಣ್ ಟಿಣ್. ನಡುಮನೆಯಿಂದ.

ಲಾಟೀನು ಎತ್ತಿಕೊಂಡು ಹೋಗಿ ಹೊಸ್ತಿಲಲ್ಲಿ ನಿಂತೆ. ನಡುಮನೆಯಲ್ಲಿ ಯಾರೂ ಇರಲಿಲ್ಲ. ಗೋಡೆಗೆ ಒರಗಿದ ಹಲಗೆ, ಅದರ ಮೇಲೆ ದೊಡ್ಡಮ್ಮನ ಸೀರೆ. ಆದರೆ ಸೀರೆ ಅಲ್ಲಾಡುತ್ತಿತ್ತು. ಗಾಳಿಗೆ ಅಲ್ಲಾಡುವ ಹಾಗಲ್ಲ. ಹಿಂದೆ ಕೂತು ಕೆಲಸ ಮಾಡುವವನ ಮೊಣಕೈ ತಗಲಿದರೆ ಬಟ್ಟೆ ಹೇಗೆ ಉಬ್ಬಿ ಇಳಿಯುತ್ತದೋ ಹಾಗೆ. ಸೀರೆಗೂ ಹಲಗೆಗೂ ನಡುವೆ ಒಂದು ಅಂಗೈ ತೂರುವಷ್ಟೂ ಜಾಗವಿರಲಿಲ್ಲ...

ಯಾರೋ ಕೆಮ್ಮಿದರು.

ಮಾತು ಶುರುಮಾಡುವ ಮೊದಲು ಮೇಷ್ಟರುಗಳು ಗಂಟಲು ಸರಿಮಾಡಿಕೊಳ್ಳುತ್ತಾರಲ್ಲ, ಹಾಗೆ. ದೊಡ್ಡಪ್ಪನ ಕೆಮ್ಮು.

ನಂಬುತ್ತೀರೋ ಇಲ್ಲವೋ, ಆ ಕ್ಷಣ ನನಗೆ ಸಂತೋಷವೇ ಆಯಿತು. ಬಂದುಬಿಟ್ಟರು! ನಾಳೆ ಧಾರೆ ಅವರೇ ಎರೆಯಬಹುದು, ದೊಡ್ಡಮ್ಮನ ಮುಖ ಅರಳುತ್ತದೆ. ಬಾಯಿಗೆ ಬಂದದ್ದನ್ನು ಕೇಳಿಯೂಬಿಟ್ಟೆ.

“ಬಂದ್ರಾ ದೊಡ್ಡಪ್ಪ? ಅಗಳಿ ಹಾಕಿತ್ತಲ್ಲ, ಹೆಂಗ್ ಬಂದ್ರಿ?”

ಚಾಕುವಿನ ಸದ್ದು ನಿಂತಿತು. ಸೀರೆಯೂ ನಿಂತಿತು. ಅಗಳಿ ಎಂದು ಬಾಯಲ್ಲಿ ಬಂದಮೇಲೆ ನನಗೇ ಅದರ ಅರ್ಥ ಹೊಳೆಯಿತು.

“ಸೀನಾ...” ತೀರಾ ಮೆಲ್ಲಗೆ, ಬಹಳ ದೂರ ನಡೆದು ಬಂದವರ ದನಿಯಲ್ಲಿ. “ಒಂದ್ ವಿಷ್ಯ ಹೇಳ್ಬೇಕಿತ್ತು ಕಣೋ...”

ಭಯವಾಯಿತು, ಇಲ್ಲವೆನ್ನುವುದಿಲ್ಲ. ಆದರೆ ಭಯಕ್ಕಿಂತ ಮೊದಲು ಬಂದದ್ದು ಸಿಟ್ಟು. ಕೆಂಡದಂಥ ಸಿಟ್ಟು. ಟೆಲಿಗ್ರಾಂ ತರುವವನಾದರೆ ಬಾಗಿಲ ಹೊರಗೆ ನಿಲ್ಲಿಸಬಹುದು. ಸತ್ತವನೇ ನಡುಮನೆಗೆ ಬಂದು ಕೂತು ಸುದ್ದಿ ಹೇಳುತ್ತೇನೆಂದರೆ ಏನು ಮಾಡುವುದು? ಒಂದು ತಿಂಗಳು ಎಲ್ಲಿದ್ದಿರೋ ಇದ್ದಿರಿ, ಇನ್ನೊಂದು ರಾತ್ರಿ ಇರಲಾಗಲಿಲ್ಲವೇ? ದೆವ್ವ ಹೇಳಿದರೆ ಸೂತಕವುಂಟೋ ಇಲ್ಲವೋ ಎಂದು ಯಾವ ಶಾಸ್ತ್ರದಲ್ಲಿ ಬರೆದಿದೆಯೋ ನನಗೇನು ಗೊತ್ತು? ಕೇಳಿಬಿಟ್ಟ ಮೇಲೆ ನಾನು ಮುಚ್ಚಿಟ್ಟುಕೊಂಡು ಮಂಟಪದಲ್ಲಿ ನಗುತ್ತ ನಿಲ್ಲುವವನಲ್ಲ. ನನ್ನ ಮುಖವೇ ಹೇಳಿಬಿಡುತ್ತದೆ. ಪದ್ಮನ ಮದುವೆ ನಿಲ್ಲುತ್ತದೆ.

“ನಾಳೆ ಹೇಳಿ ದೊಡ್ಡಪ್ಪ,” ಎಂದೆ. “ಮಾಂಗಲ್ಯ ಆಗ್ಲಿ. ಈಗ ಹೇಳ್ಬೇಡಿ. ನಿಮ್ ಕಾಲಿಗ್ ಬೀಳ್ತೀನಿ.”

“ಸೀನಾ, ಅದಲ್ವೋ...”

ಮುಂದಿನದನ್ನು ಕೇಳಲಿಲ್ಲ. ಓಡಿ ಅಡುಗೆಮನೆ ಸೇರಿ ಬಾಗಿಲು ಹಾಕಿಕೊಂಡೆ. ದೇವರ ಗೂಡಿನಲ್ಲಿ ದೊಡ್ಡಮ್ಮ ಹೊಸೆದಿಟ್ಟ ಬತ್ತಿಗಳಿದ್ದವು. ಹಿಡಿ ತುಂಬ ತೆಗೆದು ಎರಡೂ ಕಿವಿಗೆ ತುರುಕಿಕೊಂಡು, ಬಾಗಿಲಿಗೆ ಬೆನ್ನು ಕೊಟ್ಟು ಕೂತೆ.

ಬಾಗಿಲನ್ನು ಯಾರೂ ತಳ್ಳಲಿಲ್ಲ, ಬಡಿಯಲಿಲ್ಲ. ತಳ್ಳಿದ್ದರೆ ಚೆನ್ನಾಗಿತ್ತು, ನಾನೂ ಅತ್ತ ತಳ್ಳುತ್ತಿದ್ದೆ. ಬರೀ ನಿಂತಿದ್ದರು. ಬಾಗಿಲ ಹಲಗೆಯ ಆ ಕಡೆ ನಿಂತಿದ್ದಾರೆಂದು ನನ್ನ ಬೆನ್ನಿಗೆ ಗೊತ್ತಾಗುತ್ತಿತ್ತು. ಮರ ಮಂಜುಗಡ್ಡೆಯ ಹಾಗೆ ತಣ್ಣಗಾಗಿತ್ತು... ಒಂದೆರಡು ಸಲ ಹಲಗೆ ಅದುರಿತು. ಮಾತಾಡುತ್ತಿದ್ದರು. ಏನು ಹೇಳುತ್ತಿದ್ದರೋ! ನಾನು ಕಿವಿಯ ಮೇಲೆ ಅಂಗೈ ಒತ್ತಿಕೊಂಡು, ಸಿಟ್ಟಿನಲ್ಲಿ, ಹಸಿವಿನಲ್ಲಿ ಅಳುತ್ತ ಕೂತಿದ್ದೆ.

ಎಷ್ಟೋ ಹೊತ್ತಿನ ಮೇಲೆ ಬೆನ್ನಿನ ಹತ್ತಿರ ಚಳಿ ಕಡಿಮೆಯಾಯಿತು. ನೆಲದಲ್ಲಿ ಮತ್ತೆ ಆ ಸಣ್ಣ ಅದುರು. ಹೋಗಿ ಕೆಲಸಕ್ಕೆ ಕೂತಿದ್ದರು. ಬೆಳಗಿನವರೆಗೂ ಬಿಡಲಿಲ್ಲ.

ಕಿಟಕಿಯಲ್ಲಿ ಬೆಳಕು ಮೂಡಿ, ಬೀದಿಯಲ್ಲಿ ಯಾರೋ ಅಂಗಳಕ್ಕೆ ನೀರು ಹಾಕುವುದು ಕಂಡ ಮೇಲೆಯೇ ಬಾಗಿಲು ತೆಗೆದೆ. ಅಗಳಿಗಳು ಹಾಕಿದಲ್ಲೇ ಇದ್ದವು. ಟ್ರಂಕಿನ ಬೀಗ ಹಾಕಿದಂತೆಯೇ ಇತ್ತು. ದೊಡ್ಡಮ್ಮನ ಸೀರೆ ನಾಲ್ಕು ಮಡಿಕೆಯಾಗಿ ಬೆಂಚಿನ ಮೇಲಿತ್ತು.

ನಾರಾಯಣನ ಹಿಂದೆ ಬೆಟ್ಟವಿತ್ತು.

ಹನುಮಂತನಗರದ ಗುಡ್ಡವಲ್ಲ, ಸುಣ್ಣ ಹೊಡೆದ ಗೋಡೆಯಲ್ಲ. ಹೇಗೆ ಹೇಳಲಿ... ನೋಡಿದರೆ ಕಣ್ಣು ತಾನಾಗಿ ಮೇಲೆ ಹೋಗಿ ಕತ್ತು ನೋಯುವಂಥ ಬೆಟ್ಟ. ಹಿಮದಲ್ಲಿ ನೀಲಿ ನೆರಳುಗಳು. ಒಂದು ಪಕ್ಕದಲ್ಲಿ ಹಿಮ ಕುಸಿದು ಕಪ್ಪು ಬಂಡೆ ಬಿಟ್ಟುಕೊಂಡಿತ್ತು. ಬೆರಳಿಟ್ಟೆ. ಬಣ್ಣ ಹಸಿಯಾಗಿತ್ತು. ತೋರುಬೆರಳಿಗೆ ನೀಲಿ ಬಿಳಿ ಮೆತ್ತಿಕೊಂಡಿತು.

ಸೀರೆಯನ್ನು ತಗಲದ ಹಾಗೆ ಮೇಲಿನಿಂದ ಇಳಿಬಿಟ್ಟು, ಮನೆಗೆ ಬೀಗ ಹಾಕಿ ಛತ್ರಕ್ಕೆ ಓಡಿದೆ.

ಮದುವೆ ಆಯಿತು. ಗಂಡಿನ ತಾಯಿ ಕಾಫಿ ತಣ್ಣಗಿದೆ ಎಂದದ್ದು ಬಿಟ್ಟರೆ ಕೊರತೆಯಿಲ್ಲದೆ ಆಯಿತು. ದೊಡ್ಡಮ್ಮ ಹಣೆ ತುಂಬ ಕುಂಕುಮ, ಹಸಿರು ಬಳೆ, ಮುಡಿಯಲ್ಲಿ ಮಲ್ಲಿಗೆ ದಂಡೆ ಮುಡಿದು ಆರತಿ ಎತ್ತಿದಳು. ಹಾಡೂ ಹೇಳಿದಳು. ಆರತಿ ಮುಗಿಸಿ ನನ್ನ ಪಕ್ಕ ಬಂದು, ನನ್ನ ಬೆರಳು ಹಿಡಿದು ನೋಡಿದಳು.

“ಏನೋ ಇದು?”

“ಸುಣ್ಣ,” ಎಂದೆ. ಎಲೆ ಅಡಿಕೆಯ ತಟ್ಟೆ ಹತ್ತಿರವೇ ಇತ್ತು.

ದೊಡ್ಡಮ್ಮ ಸೆರಗಿನಿಂದ ಬೆರಳು ಒರೆಸಿದಳು. ಎಣ್ಣೆ ಬಣ್ಣ ಒರೆಸಿದರೆ ಹೋಗುತ್ತದೆಯೇ? ಹೋಗಲಿಲ್ಲ.

ಮದುವೆಯಾಗಿ ಒಂದು ವಾರಕ್ಕೆ ಯಾತ್ರೆಯ ಗುಂಪು ಬಂತು. ದೊಡ್ಡಪ್ಪ ಅವರ ಜೊತೆ ಇರಲಿಲ್ಲ. ಬದರಿಯಲ್ಲಿ ಒಂದು ಬೆಳಗ್ಗೆ, ಬೆಟ್ಟ ಬರೆದುಕೊಂಡು ಬರುತ್ತೇನೆ, ನೀವು ನಡೆಯುತ್ತಿರಿ ಎಂದು ಕಾಗದ ಪೆನ್ಸಿಲು ಹಿಡಿದು ಹೋದರಂತೆ. ಕಾದರಂತೆ, ಹುಡುಕಿದರಂತೆ, ಪೊಲೀಸರಿಗೆ ಹೇಳಿದರಂತೆ. ಹೆಣವಿಲ್ಲ, ಚೀಲವಿಲ್ಲ, ಕಂಡವರಿಲ್ಲ. ಅಪ್ಪ ಅಲ್ಲಿಗೇ ಹೋಗಿ ಬಂದ. ಇದ್ದಾರೆ ಎನ್ನುವವರೂ ಇಲ್ಲ, ಸತ್ತರು ಎನ್ನುವವರೂ ಇಲ್ಲ.

ನಮ್ಮ ಕಿವಿಗೆ ಏನೂ ಬೀಳಬಾರದು ಎಂದಿದ್ದೆವಲ್ಲ, ಬೀಳಲೇ ಇಲ್ಲ.

ಸತ್ತ ಸುದ್ದಿಯಿಲ್ಲದೆ ಸೂತಕವಿಲ್ಲ. ಸೂತಕವಿಲ್ಲದೆ ಕ್ರಿಯೆಯಿಲ್ಲ, ತಿಥಿಯಿಲ್ಲ. ದೊಡ್ಡಮ್ಮನ ಕುಂಕುಮ ಹಾಗೇ ಉಳಿಯಿತು. ಹಬ್ಬದ ದಿನ ಬೀದಿಯವರು ಅವಳನ್ನು ಬಾಗಿನಕ್ಕೆ ಕರೆಯುವುದೋ ಬಿಡುವುದೋ ತಿಳಿಯದೆ ಒದ್ದಾಡುತ್ತಿದ್ದರು. ಅವಳು ಹೋಗುತ್ತಲೂ ಇರಲಿಲ್ಲ.

ಚಿತ್ರದಿಂದ ನನಗೆ ಸಿಕ್ಕಿದ್ದು ಬರೀ ತಲೆನೋವು. ಅಪ್ಪ ನೋಡಿ, ಅಣ್ಣ ಹೋಗುವ ಮೊದಲೇ ಬರೆದಿಟ್ಟಿದ್ದ ಎಂದುಬಿಟ್ಟ. ಬಿಳಿ ಬಣ್ಣ ಬಳಿದಾಗ ಪಕ್ಕದಲ್ಲೇ ಕೂತು ಆಡಿಕೊಂಡವನೇ ಅವನು! ಪದ್ಮ ತನಗೆ ನೆನಪಿಲ್ಲ ಎಂದಳು. ಬದರಿಗೆ ಹೋಗಿ ಬಂದ ಪರಿಚಯದವರಿಗೆಲ್ಲ ತೋರಿಸಿದೆ. ಒಬ್ಬರು ಅಲ್ಲಿನ ಬೆಟ್ಟ ಥೇಟ್ ಹೀಗೇ ಎಂದರು. ಇನ್ನೊಬ್ಬರು ಅಂಥ ಬೆಟ್ಟವೇ ಅಲ್ಲಿಲ್ಲ ಎಂದರು. ಕೇಳಿ ಕೇಳಿ ರೋಸಿಹೋಯಿತು. ಆ ರಾತ್ರಿ ನಾನು ಕೇಳಿದ ದನಿಯ ವಿಷಯ ಮಾತ್ರ ಆಗ ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ಬಿಟ್ಟರೆ ಅದೇ ಸುದ್ದಿಯಾಗುತ್ತದೆ, ದೊಡ್ಡಮ್ಮನ ಹಣೆ ಬರಿದಾಗುತ್ತದೆ.

ಹೀಗೆ ಹನ್ನೆರಡು ವರ್ಷ ಕಳೆಯಿತು. ಅಪ್ಪ ತೀರಿಕೊಂಡ. ನನಗೂ ಮದುವೆಯಾಗಿ ಎರಡು ಮಕ್ಕಳಾದವು. ಒಂದು ದಿನ ಪುರೋಹಿತರು ಬಂದವರು ಮೆಲ್ಲಗೆ ವಿಷಯ ತೆಗೆದರು. ಕಾಣೆಯಾದವರಿಗೆ ಹನ್ನೆರಡು ವರ್ಷ ಕಾಯಬೇಕು, ಆಮೇಲೆ ದರ್ಭೆಯಲ್ಲಿ ಆಕೃತಿ ಮಾಡಿ ಸಂಸ್ಕಾರ ಮಾಡಬಹುದು, ಮಾಡಲೇಬೇಕು ಎಂದರು. ಹುಲ್ಲಿನ ಗೊಂಬೆ ಸುಟ್ಟು, ಬದುಕಿರುವ ಹೆಂಗಸಿನ ಬಳೆ ಒಡೆಯುವುದು ಯಾವ ಧರ್ಮ ಎಂದು ನಾನು ಕೂಗಾಡಿದೆ. ಅವರು ಕಾಫಿ ಅರ್ಧಕ್ಕೇ ಬಿಟ್ಟು ಎದ್ದುಹೋದರು.

ದೊಡ್ಡಮ್ಮ ನಡುಮನೆಯಲ್ಲೇ ಇದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ರಾತ್ರಿ ಊಟವಾಗಿ ಮಕ್ಕಳು ಮಲಗಿದ ಮೇಲೆ ನನ್ನನ್ನು ಕರೆದು ಚಿತ್ರದ ಮುಂದೆ ಕೂರಿಸಿಕೊಂಡಳು.

“ಪದ್ಮನ್ ಮದ್ವೆ ಹಿಂದಿನ್ ರಾತ್ರಿ ಇಲ್ಲಿಗ್ ಬಂದಿದ್ರಲ್ವೇನೋ?”

ಹೌದೆಂದು ತಲೆಯಾಡಿಸಿದೆ.

“ಏನ್ ಹೇಳಿದ್ರು?”

“ನಾನು ಕೇಳಿಸ್ಕೊಳ್ಲಿಲ್ಲ ದೊಡ್ಡಮ್ಮ. ಕಿವಿಗೆ ಬತ್ತಿ ತುರುಕ್ಕೊಂಡೆ.”

ದೊಡ್ಡಮ್ಮ ಕೈಬಳೆಗಳನ್ನು ಮೇಲೆ ಸರಿಸಿಕೊಂಡಳು.

“ಛತ್ರಕ್ಕೂ ಬಂದಿದ್ರು ಕಣೋ. ಎಲ್ರೂ ಮಲಗಿದ್ರು. ನಾನೊಬ್ಳೇ ಆರತಿ ತಟ್ಟೆಗೆ ಅರಿಶ್ನ ಕಲಸ್ತಾ ಇದ್ದೆ. ಬಾಗ್ಲಲ್ ನಿಂತ್ಕೊಂಡು ಕೆಮ್ಮಿದ್ರು. ನಾನು ತಿರುಗಿ ನೋಡ್ಲಿಲ್ಲ. ನೋಡಿದ್ರೆ ಆರತಿ ಎತ್ತೋ ಹಾಗಿರ್ಲಿಲ್ವಲ್ಲ... ತುಂಬಾ ಹೊತ್ತು ನಿಂತಿದ್ದು ಹೋದ್ರು.”

ಹೊರಗೆ ಯಾವುದೋ ಆಟೋ ಹೋದ ಸದ್ದು. ದೊಡ್ಡಮ್ಮ ಚಿತ್ರವನ್ನೇ ನೋಡುತ್ತಿದ್ದಳು.

“ಇಬ್ರೂ ಸೇರ್ಕೊಂಡು ಆ ಮನುಷ್ಯನ್ನ ಬಾಗ್ಲಲ್ಲೇ ನಿಲ್ಲಿಸ್ಬಿಟ್ವಲ್ಲೋ ಸೀನಾ. ನೀನ್ ಹೋಗಿ ಮಲ್ಕೋ. ಇವತ್ತು ನಾನಿಲ್ ಕೂತಿರ್ತೀನಿ.”

ಬೇಡವೆಂದೆ. ಜೊತೆಗೆ ನಾನೂ ಕೂರುತ್ತೇನೆಂದೆ. ಗದರಿಸಿ ಕಳಿಸಿದಳು, ದೀಪವನ್ನೂ ಆರಿಸಿಬಿಟ್ಟಳು. ಕೋಣೆಯಲ್ಲಿ ಎದ್ದೇ ಕೂತಿದ್ದೆ. ಆ ಕಡೆಯಿಂದ ವಾಸನೆಯಿಲ್ಲ, ಚಳಿಯಿಲ್ಲ, ಕೆಮ್ಮಿಲ್ಲ. ಒಮ್ಮೆ ಮಾತ್ರ ದೊಡ್ಡಮ್ಮನ ದನಿ ಕೇಳಿಸಿತು. ಊಟಕ್ಕೆ ಬಡಿಸುತ್ತ ಮಾತಾಡುತ್ತಾಳಲ್ಲ, ಅಷ್ಟು ಸಾದಾ ದನಿ.

“ಹೂಂ... ಹೇಳಿ.”

ಆಮೇಲೆ ಏನೂ ಇಲ್ಲ. ಕಿವಿಯನ್ನು ಬಾಗಿಲಿಗೆ ಒತ್ತಿ ಹಿಡಿದೆ. ಏನೂ ಇಲ್ಲ... ಮತ್ತೆ ಬಹಳ ಹೊತ್ತಿಗೆ ಅವಳ ದನಿ, “ಹೂಂ.” ಇನ್ನೂ ಸ್ವಲ್ಪ ಹೊತ್ತಿಗೆ, “ಅಯ್ಯೋ.”

ಅಷ್ಟೇ.

ಬೆಳಗ್ಗೆ ಬಾಗಿಲು ತೆಗೆದಾಗ ದೊಡ್ಡಮ್ಮ ನಡುಮನೆಯ ಕಂಬಕ್ಕೆ ಒರಗಿ ಕೂತಿದ್ದಳು. ಹಣೆ ಬರಿದಾಗಿತ್ತು. ಬಳೆಗಳನ್ನು ತಾನೇ ತೆಗೆದು, ಒಂದನ್ನೂ ಒಡೆಯದೆ, ಮಡಿಲಲ್ಲಿ ಇಟ್ಟುಕೊಂಡಿದ್ದಳು. ಅತ್ತಿರಲಿಲ್ಲ.

“ಹಂಡೆಗೆ ಉರಿ ಹಾಕ್ಸು ಸೀನಾ,” ಎಂದಳು. “ಎಲ್ರೂ ತಲೆಗ್ ಸ್ನಾನ ಮಾಡ್ಬೇಕು. ಸುದ್ದಿ ಬಂತು.”

ಹತ್ತು ದಿನ ಸೂತಕ ಹಿಡಿದೆವು. ಕ್ರಿಯೆಯೆಲ್ಲ ಆಯಿತು, ಪುರೋಹಿತರ ಕಾಲು ಹಿಡಿದು ಕರೆತಂದೆ. ಅದು ಮುಗಿದ ದಿನ ದೊಡ್ಡಮ್ಮನ ಹತ್ತಿರ ಕೂತು ದೊಡ್ಡಪ್ಪ ಏನು ಹೇಳಿದರು ಎಂದು ಕೇಳಿದೆ. ಹೇಗೆ ಸತ್ತರಂತೆ? ಆ ರಾತ್ರಿ ‘ಅದಲ್ವೋ’ ಎಂದರಲ್ಲ, ಸಾವಿನ ಸುದ್ದಿ ಅಲ್ಲವಾದರೆ ಮತ್ತೇನು ಹೇಳುವುದಕ್ಕೆ ಬಂದಿದ್ದರು?

ಅವಳು ನನ್ನ ಮುಖವನ್ನೇ ನೋಡಿದಳು. ಕರುಣೆಯೋ ಕೋಪವೋ ಇವತ್ತಿಗೂ ನನಗೆ ತಿಳಿದಿಲ್ಲ.

“ನಿಂಗ್ ಹೇಳ್ಬೇಕು ಅಂತಾನೇ ಬಂದಿದ್ರಂತೆ,” ಎಂದಳು. “ಈಗ ಅದನ್ನ ತಿಳ್ಕೊಂಡು ಏನ್ ಮಾಡ್ತೀಯ, ಬಿಡು.”

ಅವಳು ಇದ್ದಷ್ಟು ದಿನವೂ ಕೇಳಿದೆ. ಬೈದು ಕೇಳಿದೆ, ಬೇಡಿ ಕೇಳಿದೆ. ಹೇಳದೆಯೇ ಹೋದಳು. ಈಗ ಈ ಮನೆಯಲ್ಲಿ ಎಂಥ ಸಣ್ಣ ಸದ್ದಾದರೂ ನಾನು ಎದ್ದು ಕೂತು, ‘ಹೇಳಿ, ಕೇಳಿಸಿಕೊಳ್ಳುತ್ತೇನೆ’ ಎನ್ನುತ್ತೇನೆ. ಯಾರೂ ಏನೂ ಹೇಳುವುದಿಲ್ಲ.